ಸ್ಪಂಜಿನ ಕಷಾಯ ಕುಡಿಯಬಹುದೇ?

ಪ್ರಶ್ನೆ: ನಮ್ಮ ಟ್ರಾಲ್ ಬೋಟಿನ ಬಲೆಗೆ ಬೊಂಡಾಸಿನ ಜೊತೆ ಕೆಂಪು ಸ್ಪಂಜೊಂದು ಬಂದಿತ್ತು. ಮುಟ್ಟಿದ್ದಕ್ಕೆ ಎರಡು ದಿನ ಕೈ ತುರಿಕೆ. ಇದರಲ್ಲಿ ಕ್ಯಾನ್ಸರಿಗೆ ಮದ್ದು ಉಂಟು ಅಂತ ಮೊಬೈಲಲ್ಲಿ ನೋಡಿದೆ. ಒಣಗಿಸಿ ಕಷಾಯ ಮಾಡಿದರೆ ಆಗ್ತದಾ? ಮದ್ದು ಉಂಟಾ ಇಲ್ವಾ ಅಂತ ಹೇಗೆ ನೋಡುವುದು?
– ಓದುಗರೊಬ್ಬರು, ಮಲ್ಪೆ

ಉತ್ತರ: ಕಷಾಯದ ಯೋಚನೆ ಬಿಡಿ ಮಾರಾಯ್ರೇ. ಸ್ಪಂಜು ಎಂದರೆ ಕಡಲತಳಕ್ಕೆ ಅಂಟಿಕೊಂಡು ಬದುಕುವ ಪ್ರಾಣಿ. ತುರಿಕೆ ಬರಿಸಿದ್ದು ಹೊಟ್ಟೆಯೊಳಗೆ ಏನು ಮಾಡೀತು ಅಂತ ಯಾರು ಹೇಳಬೇಕು?

ಮೊಬೈಲಿನ ಮಾತು ಪೂರ್ತಿ ಸುಳ್ಳಲ್ಲ. 1950ರ ಆಸುಪಾಸಿನಲ್ಲಿ ವರ್ನರ್ ಬರ್ಗ್‌ಮನ್ ಎಂಬವರು ಫ್ಲಾರಿಡಾ ಕಡೆಯ ಒಂದು ಸ್ಪಂಜಿನಲ್ಲಿ ವಿಚಿತ್ರ ನ್ಯೂಕ್ಲಿಯೋಸೈಡುಗಳನ್ನು (ಡಿಎನ್‌ಎ ಕಟ್ಟುವ ಇಟ್ಟಿಗೆಗಳಂಥ ಅಣುಗಳನ್ನು) ಕಂಡರು. ಅವುಗಳ ಮಾದರಿ ಹಿಡಿದು ಪ್ರಯೋಗಾಲಯದಲ್ಲಿ ಕಟ್ಟಿದ ಸೈಟರಾಬಿನ್ 1969ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಇವತ್ತಿಗೂ ರಕ್ತ ಕ್ಯಾನ್ಸರಿಗೆ ಕೊಡುತ್ತಾರೆ. ಸ್ಪಂಜಿನಲ್ಲಿ ಸಿಗುವ ಪ್ರಮಾಣ ಎಷ್ಟು ಗೊತ್ತುಂಟಾ? ಜಪಾನಿನವರು 600 ಕಿಲೋ ಸ್ಪಂಜು ಅರೆದು, ಕ್ಯಾನ್ಸರ್ ಕೋಶ ಕೊಲ್ಲುವ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತು ತೆಗೆದಾಗ ಕೈಗೆ ಬಂದದ್ದು 12.5 ಮಿಲಿಗ್ರಾಂ. ಚಿಟಿಕೆ ಉಪ್ಪು ಇದಕ್ಕಿಂತ ಜಾಸ್ತಿ ತೂಗುತ್ತದೆ.

ಹುಡುಕುವ ಕ್ರಮ ಹೀಗೆ: ಸ್ಪಂಜನ್ನು ಕೊಚ್ಚಿ ಮೆಥನಾಲಿನಲ್ಲಿ ನೆನೆಹಾಕಿ, ದ್ರಾವಣ ಆವಿಯಾಗಿಸಿದರೆ ಜೋನಿಬೆಲ್ಲದಂಥ ಅಂಟು ಉಳಿಯುತ್ತದೆ, ನಾತ ಮಾತ್ರ ಬೆಲ್ಲದ್ದಲ್ಲ. ಅದನ್ನು ಎಣ್ಣೆ ಸ್ವಭಾವದ್ದು, ನೀರಿನ ಸ್ವಭಾವದ್ದು ಅಂತ ಬೇರೆ ಮಾಡಿ, ಒಂದೊಂದನ್ನೂ ಬ್ಯಾಕ್ಟೀರಿಯಾದ ಮೇಲೋ ಕ್ಯಾನ್ಸರ್ ಕೋಶದ ಮೇಲೋ ಹಾಕಿ ನೋಡುವುದು. ಕೊಂದ ಭಾಗವನ್ನು ಹಿಡಿದು ಸಿಲಿಕಾ ಪುಡಿ ತುಂಬಿದ ಕೊಳವೆಯಲ್ಲಿ (ಕಾಲಮ್) ಇಳಿಸಿ ಮತ್ತೆ ಬೇರೆ ಬೇರೆ ಮಾಡುವುದು, ಮತ್ತೆ ಪರೀಕ್ಷೆ. ಕೊನೆಗೆ ಒಂದೇ ವಸ್ತು ಉಳಿದರೆ ಮಾಸ್ ಸ್ಪೆಕ್ಟ್ರೋಮೀಟರ್ ಅಣುವಿನ ತೂಕ ಹೇಳುತ್ತದೆ, ಎನ್‌ಎಂಆರ್ ಎಂಬ ಇನ್ನೊಂದು ಯಂತ್ರ ಅಣುವಿನೊಳಗಿನ ಕಟ್ಟಡ ಹೇಳುತ್ತದೆ.

ಓದುವ ಕಾಲದಲ್ಲಿ ನಾನೂ ಮಂಗಳೂರು ದಕ್ಕೆಯಿಂದ ಒಂದು ಸ್ಪಂಜು ತಂದಿದ್ದೆ. ಮೂರು ತಿಂಗಳು ಒಂದು ಭಾಗದ ಬೆನ್ನು ಬಿದ್ದು, ಹೊಸತೇ ಸಿಕ್ಕಿತು ಅಂತ ಮನೆಯಲ್ಲೂ ಹೇಳಿಯಾಗಿತ್ತು. ಮಾಸ್ ಸ್ಪೆಕ್ಟ್ರೋಮೀಟರಿನ ಗ್ರಾಫ್ ಬಂತು: 149ರಲ್ಲಿ ಉದ್ದದ ಕಡ್ಡಿ! ಅದು ಥ್ಯಾಲೇಟ್, ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ರಾಸಾಯನಿಕ. ಸ್ಪಂಜನ್ನು ನಾನು ನೆನೆಹಾಕಿದ್ದು ಪ್ಲಾಸ್ಟಿಕ್ ಕ್ಯಾನಿನಲ್ಲಿ. ಮೆಥನಾಲು ಕ್ಯಾನಿನ ಮದ್ದನ್ನೇ ಹೀರಿ ಕೊಟ್ಟಿತ್ತು.

ಕೈಯ ಬಗ್ಗೆ: ಅನೇಕ ಸ್ಪಂಜುಗಳ ಮೈಯಲ್ಲಿ ಗಾಜಿನಂಥ ಸಣ್ಣ ಮುಳ್ಳುಗಳಿರುತ್ತವೆ. ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ಎಳೆದರೆ ಬರುತ್ತವೆ. ಗುಳ್ಳೆ ಎದ್ದರೆ ಡಾಕ್ಟರರಿಗೆ ತೋರಿಸಿ. ಇನ್ನೊಮ್ಮೆ ಬಲೆಗೆ ಬಂದರೆ ಕೈಗವಸು ಹಾಕಿ ಫೋಟೋ ತೆಗೆಯಿರಿ, ಎಷ್ಟು ಮಾರು ಆಳದಲ್ಲಿ ಸಿಕ್ಕಿತು ಅಂತ ಬರೆದಿಡಿ. ಯಾರಾದರೂ ಓದುವ ಮಕ್ಕಳು ಕೇಳಿದರೆ ಗಾಜಿನ ಭರಣಿಯಲ್ಲಿ ಹಾಕಿ ಕೊಡಿ.