ಕಾರವಾರದ ಕಡೆ ಮನೆಯಿಲ್ಲದವರಿಗೆ ಊರವರೇ ಸೇರಿ 10×12 ಅಡಿಯ ಪುಟ್ಟ ಮನೆ ಕಟ್ಟಿಕೊಡಬಹುದೇ?

ಕಟ್ಟಬಹುದು, ಆದರೆ ಮೊದಲು ಪಹಣಿ ನೋಡಿ. ಸಮುದ್ರದ ಭರತರೇಖೆಯಿಂದ (ಭರತದ ನೀರು ತಲುಪುವ ಗೆರೆ) 500 ಮೀಟರ್‌ ಒಳಗಿದ್ದರೆ ಸಿಆರ್‌ಝಡ್‌ (ಕರಾವಳಿ ನಿಯಂತ್ರಣ ವಲಯ) ನಿಯಮವೂ ಬರುತ್ತದೆ. ಜಾಗದ ಹಕ್ಕಿಲ್ಲದೆ ಕಟ್ಟಿದ ಮನೆಯನ್ನು ಎಂದಾದರೂ ಕೆಡವಿಯಾರು.

ಗೋಡೆಗೆ ಚಿರೆಕಲ್ಲೇ (ಕೆಂಪು ಜಂಬಿಟ್ಟಿಗೆ) ಸರಿ. 15×9×7 ಇಂಚಿನ ಕಲ್ಲು, 8 ಅಡಿ ಎತ್ತರಕ್ಕೆ, ಒಡೆದದ್ದೂ ಸೇರಿ ಸುಮಾರು 450 ಬೇಕು. ಪಾಯದ ಕಟ್ಟೆ ನೆಲದಿಂದ 2 ಅಡಿ ಮೇಲಿರಲಿ. ಇಲ್ಲವಾದರೆ ಆಷಾಢದ ಹೊತ್ತಿಗೆ ಗೋಡೆ ತೇವ ಹೀರಿ ಹಾಸಿಗೆಗೂ ಬೂಷ್ಟು ಹಿಡಿಯುತ್ತದೆ.

ಹೆಚ್ಚಾಗಿ ಕೆಡುವುದು ಮನೆಯ ಮಾಡು, ಅಂದರೆ ಚಾವಣಿ. ಉಪ್ಪುಗಾಳಿಗೆ ಮಾಡಿನ ತಗಡಿನ ಶೀಟಿಗಿಂತ ಮೊದಲು ತುಕ್ಕು ತಿನ್ನುವುದು ಸ್ಕ್ರೂ ತೂತಿನ ಸುತ್ತ. ಸ್ಟೇನ್‌ಲೆಸ್‌ ಸ್ಕ್ರೂ, ರಬ್ಬರ್‌ ವಾಷರ್‌ ಹಾಕಿ, ಶೀಟಿನ ಉಬ್ಬಿನ ಮೇಲೆ ಬಿಗಿಯಿರಿ, ನೀರು ಹರಿಯುವ ತಗ್ಗಿನಲ್ಲಲ್ಲ. ಅತಿಯಾಗಿ ಬಿಗಿದರೆ ವಾಷರ್‌ ಹರಿದು ಅಲ್ಲೇ ಸೋರುತ್ತದೆ. ಸೂರು 2 ಅಡಿ ಹೊರಚಾಚಲಿ. ಗಾಳಿ ಮಾಡನ್ನು ಕೆಳಗಿಂದ ಎತ್ತುತ್ತದೆ, ಹಾಗಾಗಿ ಪಕಾಸಿಗಳನ್ನು (ಮಾಡು ಹೊರುವ ಇಳಿಜಾರು ಅಡ್ಡೆಗಳು) ಗೋಡೆಯ ತಲೆಯ ಕಾಂಕ್ರೀಟ್‌ ಪಟ್ಟಿಗೆ ಬೋಲ್ಟ್‌ನಿಂದ ಕಟ್ಟಲೇಬೇಕು. ಶೀಟಿನ ಮೇಲೆ ಕಲ್ಲು ಹೇರುವ ರೂಢಿ ನೆಚ್ಚಬೇಡಿ.

ಶೌಚಕ್ಕೆ ಅವಳಿ ಗುಂಡಿ (ಒಂದು ತುಂಬಿದಾಗ ಇನ್ನೊಂದನ್ನು ಬಳಸುವಂಥದ್ದು), ಬಾವಿಯಿಂದ ಕನಿಷ್ಠ 15 ಮೀಟರ್‌ ದೂರ. ಗುಂಡಿಯ ಆಳವನ್ನು ಮಳೆಗಾಲದ ಬಾವಿನೀರಿನ ಮಟ್ಟ ನೋಡಿ ನಿರ್ಧರಿಸಿ, ಏಪ್ರಿಲ್‌ನದ್ದಲ್ಲ.