ಬರೆ ಕುಸಿದ ಮೇಲೆ ಎರಡಾದ ಕ್ವಾರ್ಟರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಡಿಕೇರಿ ತಾಲ್ಲೂಕಿನ 48 ವರ್ಷದ ನಿವೃತ್ತ ಸೈನಿಕರು, ನಾಲ್ಕು ಎಕರೆ ಕಾಫಿ ತೋಟ. ಜೂನ್‌ನಲ್ಲಿ ಪತ್ನಿ ಕರೆತಂದಾಗ ರಾತ್ರಿಗೆ ಎರಡು ಕ್ವಾರ್ಟರ್ ರಮ್ ನಡೆಯುತ್ತಿತ್ತು. ಎಂದರೆ 360 ಮಿ.ಲೀ.; ಶೇ. 42.8ರ ಮದ್ಯವಾದರೆ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್. ಕುಡಿತದ ಮಟ್ಟ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ನಲ್ಲಿ 40ಕ್ಕೆ 27 ಅಂಕ. 20 ಮುಟ್ಟಿದರೇ ಅವಲಂಬನೆಯ ಶಂಕೆ ಬಲವಾಗುತ್ತದೆ.

“ಇವರ ಅಪ್ಪನೂ ಕುಡಿದೇ ಹೋದರು, ರಕ್ತದಲ್ಲೇ ಇದೆ,” ಎಂದರು ಪತ್ನಿ. “ಮಿಲಿಟರಿಯಲ್ಲಿ ಕಲಿತದ್ದು,” ಎಂದರು ಅಣ್ಣ. “ನಿದ್ದೆ ಬರಲ್ಲ, ಅದಕ್ಕೇ,” ಎಂದು ಸ್ವತಃ ಕುಡಿಯುವವರ ಮಾತು. ಮೂರೂ ನಿಜ, ಆದರೆ ಬೇರೆ ಬೇರೆ ಕಾಲಕ್ಕೆ ಸೇರಿದ ನಿಜ. ಸಿದ್ಧಾಂತಗಳನ್ನೆಲ್ಲ ಸುಮ್ಮನೆ ಕಲಸಿದರೆ ಉಪಯೋಗವಿಲ್ಲ. ಶುರುವಾದದ್ದು, ಹೆಚ್ಚಿದ್ದು, ಬಿಡಲಾಗದ್ದು, ಬಿಟ್ಟರೂ ಮರಳಿದ್ದು, ಒಂದೊಂದಕ್ಕೂ ‘ಯಾವಾಗಿನಿಂದ?’ ಎಂದು ಕೇಳಬೇಕು.

ಮದ್ಯವ್ಯಸನದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ವಂಶವಾಹಿಯದು ಎಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಪ್ರಾಯದಲ್ಲಿ ಎಷ್ಟು ಕುಡಿದರೂ ತಲೆಗೇರುತ್ತಿರಲಿಲ್ಲ ಎಂದು ಇವರು ಹೆಮ್ಮೆಯಿಂದಲೇ ಹೇಳಿದರು. ಅದು ಅಪಾಯದ ಗುರುತು. ಕುಡಿಯುವ ರೀತಿ ಕಲಿತದ್ದು ಮನೋವಿಜ್ಞಾನಿ ಬಂಡೂರ ಹೇಳಿದಂತೆ ನೋಡಿ ನೋಡಿಯೇ: ಮೆಸ್ಸಿನಲ್ಲಿ, ಮದುವೆ ಮನೆಗಳಲ್ಲಿ. ಆದರೂ ಸೇವೆಯ 17 ವರ್ಷ ಎರಡು ಪೆಗ್ ದಾಟಿರಲಿಲ್ಲ.

ದಾಟಿದ್ದು 2018ರ ಆಗಸ್ಟ್ ನಂತರ. ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿದು ಒಂದು ಎಕರೆ ತೋಟ ಹೋಯಿತು. ಅಂದಿನಿಂದ ಶೀಟಿನ ಮೇಲೆ ಮಳೆ ಜೋರಾದರೆ ಎದ್ದು, ಟಾರ್ಚ್ ಹಿಡಿದು ಬರೆ ನೋಡಿ ಬರುತ್ತಾರೆ. ಬಂದು ಒಂದು ಪೆಗ್. ನೋವಿಗೆ ತಾವೇ ಮದ್ದು ಮಾಡಿಕೊಳ್ಳುವ ಈ ಬಗೆಯನ್ನು ಮನೋವೈದ್ಯ ಖಾಂಟ್ಜಿಯನ್ 1985ರಲ್ಲಿ ವಿವರಿಸಿದರು. ಆದರೆ ಮದ್ದೇ ಕೈಕೊಡುತ್ತದೆ: ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ಇಳಿಯುವಾಗ ಅದೇ ನಿದ್ದೆ ಕೆಡಿಸುತ್ತದೆ. ಮೂರು ಗಂಟೆಗೆ ಎಚ್ಚರ, ಬೆವರು, ಮತ್ತೊಂದು ಪೆಗ್. ಈಗ ಕುಡಿತ ತಾನೇ ತಂದ ಸಂಕಟ ತಗ್ಗಿಸಲು ಕುಡಿತ.

ಹಿಂದೆ ಎರಡು ಸಲ ಮನೆಯಲ್ಲೇ ಬಿಟ್ಟಿದ್ದರು. ಮೂರನೇ ದಿನ ಕೈ ನಡುಗಿ, “ಅಂಗಳದಲ್ಲಿ ಯಾರೋ ನಿಂತಿದ್ದಾರೆ” ಎಂದಾಗ ಹೆದರಿದ ಪತ್ನಿಯೇ ಸುರಿದುಕೊಟ್ಟರು. ಮನೆಯವರು ಇದನ್ನು ಮನಸ್ಸು ಗಟ್ಟಿಯಿಲ್ಲ ಎಂದುಕೊಂಡದ್ದು ದೊಡ್ಡ ತಪ್ಪು. ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್, 48ರಿಂದ 96 ಗಂಟೆಯೊಳಗೆ ಸನ್ನಿ (ಇಲ್ಲದ್ದು ಕಾಣುವ ತೀವ್ರ ಗೊಂದಲ) ಬರಬಹುದು, ಜೀವವೇ ಹೋಗಬಹುದು.

ಹಾಗಾಗಿ ಮೊದಲ ಸಲಹೆ: ಇವತ್ತೇ ಮನೆಯಲ್ಲಿ ನಿಲ್ಲಿಸಬೇಡಿ, ಆಸ್ಪತ್ರೆಗೆ ಸೇರಿ. ಹತ್ತು ದಿನ ವೈದ್ಯರು ಮಾತ್ರೆಯ ಪ್ರಮಾಣ ಇಳಿಸುತ್ತ ಬಂದರು. ಗ್ಲೂಕೋಸ್ ಡ್ರಿಪ್‌ಗೆ ಮುಂಚೆ ಥಯಮಿನ್ (ಬಿ1 ಜೀವಸತ್ವ) ಕೊಟ್ಟರು. ಅಂಗಡಿಯಲ್ಲಿ ಸಿಗುವ ‘ಕುಡಿತ ಬಿಡಿಸುವ ಪುಡಿ’ಯನ್ನು ಕಾಫಿಗೆ ಬೆರೆಸುವ ಯೋಚನೆ ಪತ್ನಿಗಿತ್ತು. ಅದರಲ್ಲಿ ಡೈಸಲ್ಫಿರಾಮ್ (ಮದ್ಯದ ಜೊತೆ ಸೇರಿದರೆ ಮೈಗಾಗದ ಔಷಧ) ಇದ್ದರೆ, ತಿಳಿಯದೆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಬೇಡವೆಂದು ಕಟ್ಟುನಿಟ್ಟಾಗಿ ಹೇಳಲಾಯಿತು.

ಆಸ್ಪತ್ರೆಯಲ್ಲಿ “ಆಸೆಯೇ ಇಲ್ಲ” ಎನ್ನುತ್ತಿದ್ದರು. ನಂಬುವಂತಿಲ್ಲ. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ಬಿದ್ದ ಅಮೆರಿಕನ್ ಸೈನಿಕರಲ್ಲಿ ಹೆಚ್ಚಿನವರು ಊರಿಗೆ ಮರಳಿದ ಮೇಲೆ ವ್ಯಸನಕ್ಕೆ ಮರಳಲಿಲ್ಲವೆಂದು 1970ರ ದಶಕದಲ್ಲಿ ಸಂಶೋಧಕಿ ಲೀ ರಾಬಿನ್ಸ್ ಕಂಡರು: ಜಾಗ ಬದಲಾಗಿತ್ತು. ಇವರದು ತಿರುವುಮುರುವು, ಮರಳುವುದು ಕೂತು ಕುಡಿಯುತ್ತಿದ್ದ ಅದೇ ಜಗಲಿಗೆ. ಅದಕ್ಕೇ ಜಗಲಿಯ ಕುರ್ಚಿ ಒಳಗೆ ಹೋಯಿತು, ಊಟ ಏಳು ಗಂಟೆಗೆ ಬಂತು, ಮಿಲಿಟರಿ ಕ್ಯಾಂಟೀನ್ ಕಾರ್ಡ್ ಪತ್ನಿಯ ಕೈಸೇರಿ ಮದ್ಯದ ಕೋಟಾ ತರುವುದು ನಿಂತಿತು. ಬರೆಯ ಭಯಕ್ಕೆ ಕಾರಣವಿದೆ, ಅದನ್ನು ಬರೀ ಮನಸ್ಸಿನ ಕಾಯಿಲೆ ಎನ್ನಬಾರದು. ರೆಡ್ ಅಲರ್ಟ್ ಬಂದ ರಾತ್ರಿ ಅಣ್ಣನ ಮನೆಯಲ್ಲಿ ಮಲಗುವುದೆಂದಾಯಿತು.

ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ (ಕೊಡಗಿನ ಆಯುಧ ಪೂಜೆಯ ಹಬ್ಬ) ಎರಡು ಪೆಗ್ ಆಯಿತು. ಬೆಳಿಗ್ಗೆ ಫೋನಿನಲ್ಲಿ, “ಎಲ್ಲ ಹೋಯ್ತು ಮೇಡಂ.” ವ್ಯಸನ ಮರಳುವುದನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಮಾರ್ಲಾಟ್ ಎಚ್ಚರಿಸಿದ್ದು ಇದನ್ನೇ: ಎರಡು ಪೆಗ್‌ಗಿಂತ ಈ ಮಾತು ಅಪಾಯ, ಇದೇ ಬಾಟಲಿ ತೆರೆಸುವುದು. ಎಪ್ಪತ್ತು ದಿನ ಕುಡಿಯದಿದ್ದದ್ದು ಅಳಿದಿಲ್ಲ ಎಂದು ಹೇಳಿ, ಯಾರು ಕೊಟ್ಟರು, ಆಗ ಹೊಟ್ಟೆ ಹಸಿದಿತ್ತೇ ಎಂದು ಬರೆಸಲಾಯಿತು. ಮುಂದೆ ಬರುವ ಸುಗ್ಗಿ ಹಬ್ಬ ಪುತ್ತರಿಗೆ ಅಣ್ಣ ಪಕ್ಕದಲ್ಲೇ ಇರಬೇಕು, ಉಂಡೇ ಹೋಗಬೇಕು, ಒಂದು ಗಂಟೆಯೊಳಗೆ ಹೊರಡಬೇಕು. ಮುಂದಿನ ಭೇಟಿಗಳು ತಿಂಗಳಿಗೊಮ್ಮೆ. ಮಳೆ ಜೋರಿರುವ ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಪ್ರತಿ ವಾರ.