ಸಾವು ಇಳಿದದ್ದು ಕಾರ್ಯಕ್ರಮದಿಂದಲೇ?

ಪ್ರಶ್ನೆ: ರಾಷ್ಟ್ರೀಯ ರಸ್ತೆ ಸುರಕ್ಷತಾ ಕಾರ್ಯಕ್ರಮ ಜಾರಿಯಾದ ಮರುವರ್ಷವೇ ಅಪಘಾತದ ಸಾವುಗಳು ಇಳಿದವು ಎಂಬ ಪ್ರಕಟಣೆಗಳನ್ನು ಆಗಾಗ ಓದುತ್ತೇನೆ. ಓದಿ ಸಂತೋಷವಾಗುತ್ತದೆ, ಬೆನ್ನಿಗೇ ಅನುಮಾನವೂ ಬರುತ್ತದೆ. ಇವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಅಂಕಿಯನ್ನು ನಂಬಿ, ಅದಕ್ಕೆ ಹೇಳುವ ಕಾರಣವನ್ನು ಮಾತ್ರ ಸ್ವಲ್ಪ ತಡೆದು ನಂಬಿ. ಅಪಘಾತದ ಕಡತ ಓದಿ ಲೆಕ್ಕ ಹಾಕುವುದೇ ನನ್ನ ವೃತ್ತಿ. ನನ್ನ ಬಳಿ ಕೆಲಸ ಕಲಿಯಲು ಬರುವವರಿಗೆ ಮೊದಲು ಹೇಳುವುದು ಕನೆಕ್ಟಿಕಟ್ ಕಥೆ.

ಅಮೆರಿಕದ ಆ ರಾಜ್ಯದಲ್ಲಿ 1955ರಲ್ಲಿ 324 ಜನ ರಸ್ತೆಯಲ್ಲಿ ಸತ್ತರು. ಗವರ್ನರ್ ಏಬ್ರಹಾಂ ರಿಬಿಕಾಫ್ ಆ ವರ್ಷದ ಕೊನೆಗೆ ಕಟ್ಟುನಿಟ್ಟಿನ ಆದೇಶ ಹೊರಡಿಸಿದರು: ಮಿತಿಮೀರಿದ ವೇಗದಲ್ಲಿ ಮೊದಲ ಸಲ ಸಿಕ್ಕಿಬಿದ್ದರೂ 30 ದಿನ ಲೈಸೆನ್ಸ್ ಅಮಾನತು. 1956ರಲ್ಲಿ ಸತ್ತವರು 284. ನಲವತ್ತು ಜೀವ ಉಳಿಯಿತು, ಕ್ರಮ ಸಾರ್ಥಕವಾಯಿತು ಎಂದು ಗವರ್ನರ್ ಹೇಳಿದರು. ಯಾರಾದರೂ ಹಾಗೇ ಹೇಳುತ್ತಿದ್ದರು.

ಮುಂದೆ 1968ರಲ್ಲಿ ಡೊನಾಲ್ಡ್ ಕ್ಯಾಂಬೆಲ್ ಮತ್ತು ಲಾರೆನ್ಸ್ ರಾಸ್ ಎಂಬ ಇಬ್ಬರು ಸಮಾಜವಿಜ್ಞಾನಿಗಳು ಆ ಎರಡು ವರ್ಷಗಳ ಜತೆಗೆ ಹಿಂದಿನ, ಮುಂದಿನ ವರ್ಷಗಳನ್ನೂ ಸೇರಿಸಿ, 1951ರಿಂದ 1959ರವರೆಗೆ ಸಾಲಾಗಿ ಇಟ್ಟು ನೋಡಿದರು. ಸಾವು ಪ್ರತಿವರ್ಷ ಏರುಪೇರಾಗುತ್ತಲೇ ಇತ್ತು. 1955 ಆ ಸಾಲಿನಲ್ಲೇ ಎದ್ದು ಕಾಣುವ ಕೆಟ್ಟ ವರ್ಷ. ಕೆಟ್ಟ ವರ್ಷವಾದ್ದರಿಂದಲೇ ಸರ್ಕಾರ ಎಚ್ಚೆತ್ತಿತ್ತು! ಅಂಥ ವರ್ಷದ ಮುಂದಿನ ವರ್ಷ, ಯಾರೂ ಏನೂ ಮಾಡದಿದ್ದರೂ, ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ. ಇದನ್ನು ಸರಾಸರಿಯತ್ತ ಮರಳುವಿಕೆ ಅನ್ನುತ್ತೇವೆ. ನೆರೆಯ ರಾಜ್ಯಗಳ ಲೆಕ್ಕವನ್ನೂ ಪಕ್ಕದಲ್ಲಿಟ್ಟ ಮೇಲೆ, ನಲವತ್ತು ಜೀವ ಉಳಿಸಿದ ಕೀರ್ತಿಯನ್ನು ಈ ಕ್ರಮಕ್ಕೆ ಖಚಿತವಾಗಿ ಕೊಡಲು ಅವರಿಂದ ಆಗಲಿಲ್ಲ. ಇನ್ನೊಂದು ಸಂಗತಿಯೂ ಹೊರಬಿತ್ತು: ಅಮಾನತಾದ ಲೈಸೆನ್ಸ್ ಇಟ್ಟುಕೊಂಡೇ ಗಾಡಿ ಓಡಿಸಿ ಸಿಕ್ಕಿಬಿದ್ದವರ ಪಾಲು ಹೆಚ್ಚಿತ್ತು.

ಬ್ರಿಟನ್ನಿನ ವೇಗ ಕ್ಯಾಮೆರಾಗಳ ವಿಷಯದಲ್ಲೂ ಇದೇ ತೊಡಕು. ಹೆಚ್ಚು ಅಪಘಾತವಾದ ಕಡೆಗಳನ್ನೇ ಆರಿಸಿ ಕ್ಯಾಮೆರಾ ಹಾಕಿದ್ದರು. 2005ರ ಮೌಲ್ಯಮಾಪನ ವರದಿ ಆ ಸ್ಥಳಗಳಲ್ಲಿ ಸತ್ತವರ ಮತ್ತು ತೀವ್ರವಾಗಿ ಗಾಯಗೊಂಡವರ ಸಂಖ್ಯೆ ಶೇ. 42ರಷ್ಟು ಇಳಿದಿದೆ ಎಂದಿತು. ಅದೇ ವರದಿಯ ಅನುಬಂಧದಲ್ಲಿ ನಗರದ ಕೆಲವು ಸ್ಥಳಗಳ ಇಳಿಕೆಯನ್ನು ಬಿಡಿಸಿ ನೋಡಿದಾಗ ದೊಡ್ಡ ಪಾಲು ಈ ಮರಳುವಿಕೆಯದೇ ಆಗಿತ್ತು. ಹಾಗೆಂದು ಕ್ಯಾಮೆರಾ ವ್ಯರ್ಥ ಅನ್ನಬೇಡಿ. ಆ ಪಾಲನ್ನು ಕಳೆದ ಮೇಲೂ ಕ್ಯಾಮೆರಾದ ಲಾಭ ಉಳಿಯಿತು, ಮೊದಲು ಹೇಳಿದಷ್ಟು ದೊಡ್ಡದಿರಲಿಲ್ಲ ಅಷ್ಟೆ.

ಆರ್ಥಿಕ ಸ್ಥಿತಿಯನ್ನೂ ಮರೆಯಬೇಡಿ. ಅಮೆರಿಕದಲ್ಲಿ 2007ರಲ್ಲಿ 41,259 ಇದ್ದ ರಸ್ತೆ ಸಾವು 2010ಕ್ಕೆ 32,999ಕ್ಕೆ ಬಂತು. ನಡುವೆ ಬಂದದ್ದು ಭಾರಿ ಆರ್ಥಿಕ ಹಿಂಜರಿತ; ಕೆಲಸ, ದುಡ್ಡು ಕಡಿಮೆಯಾದಾಗ ರಸ್ತೆಯ ಓಡಾಟವೂ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾವ ಅಭಿಯಾನ ನಡೆಸಿದ್ದರೂ ಅದು ಗೆದ್ದಂತೆಯೇ ಕಾಣುತ್ತಿತ್ತು.

ಪ್ರಶ್ನೆ: ನೀವು ಹೇಳುವುದನ್ನು ಕೇಳಿದರೆ ಯಾವುದನ್ನೂ ಸಾಬೀತು ಮಾಡಲಾಗದು ಅನ್ನಿಸುತ್ತದೆ. ಹಾಗಾದರೆ ದುಡ್ಡು ಸುರಿಯುವುದೇಕೆ?

ಉತ್ತರ: ಖಂಡಿತ ಸಾಬೀತು ಮಾಡಬಹುದು. ಕಾರ್ಯಕ್ರಮ ಯಾರನ್ನು ಮುಟ್ಟಬೇಕು, ಯಾರನ್ನು ಮುಟ್ಟಬಾರದು ಎಂದು ಮೊದಲೇ ಗುರುತಿಸಿಕೊಳ್ಳಬೇಕು. ಮುಟ್ಟಬೇಕಾದ ಕಡೆ ಮಾತ್ರ ಇಳಿಕೆ ಕಂಡರೆ ಅದು ಗಟ್ಟಿ ಸಾಕ್ಷಿ.

ನನಗೆ ಬಹಳ ಇಷ್ಟವಾದ ಉದಾಹರಣೆ ಬ್ರಿಟನ್ನಿನ ಸೀಟ್ ಬೆಲ್ಟ್ ಕಾನೂನು. 1983ರ ಜನವರಿ 31ರಿಂದ ಕಾರಿನ ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯವಾಯಿತು. ಸುಮಾರು ಶೇ. 40 ಇದ್ದ ಬಳಕೆ ನೋಡನೋಡುತ್ತ ಶೇ. 90 ದಾಟಿತು. ಆದರೆ ಅದೇ ವರ್ಷ ಕುಡಿದು ಓಡಿಸುವವರ ಉಸಿರು ಪರೀಕ್ಷೆಯ ಕ್ರಮವೂ ಬಿಗಿಯಾಯಿತು. ಸಾವು ಇಳಿದರೆ ಯಾವುದರಿಂದ ಎಂದು ಹೇಳುವುದು ಹೇಗೆ? ಜೇಮ್ಸ್ ಡರ್ಬಿನ್ ಮತ್ತು ಆಂಡ್ರ್ಯೂ ಹಾರ್ವೆ ಎಂಬ ಸಂಖ್ಯಾಶಾಸ್ತ್ರಜ್ಞರು ತಿಂಗಳು ತಿಂಗಳ ಲೆಕ್ಕವನ್ನು ಸೀಟಿನ ಪ್ರಕಾರ ಬೇರೆ ಮಾಡಿದರು. ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಚಾಲಕರು ಸುಮಾರು ಶೇ. 23, ಪಕ್ಕದ ಸೀಟಿನವರು ಸುಮಾರು ಶೇ. 30 ಕಡಿಮೆಯಾಗಿದ್ದರು. ಹಿಂದಿನ ಸೀಟಿನವರಲ್ಲಿ ಅಂಥ ಇಳಿಕೆಯೇ ಇಲ್ಲ. ಒಂದೇ ಕಾರು, ಒಂದೇ ರಸ್ತೆ, ಒಂದೇ ಮಳೆ, ಅದೇ ಚಾಲಕ. ಕುಡಿತ ಕಡಿಮೆಯಾದದ್ದೇ ಕಾರಣವಾಗಿದ್ದರೆ ಹಿಂದೆ ಕೂತವರೂ ಬದುಕಬೇಕಿತ್ತು. ಮುಂದೆ ಕೂತವರನ್ನು ಉಳಿಸಿದ್ದು ಬೆಲ್ಟೇ.

ಅದೇ ದೇಶದ 1967ರ ಕಾನೂನನ್ನೂ ಹೀಗೆಯೇ ನೋಡಬಹುದು. ಬಾರ್ಬರಾ ಕ್ಯಾಸಲ್ ಸಾರಿಗೆ ಸಚಿವೆಯಾಗಿದ್ದಾಗ ಪೊಲೀಸರ ಕೈಗೆ ಉಸಿರು ಪರೀಕ್ಷೆಯ ಉಪಕರಣ ಬಂತು. ಈ ಮೊದಲು ಹೇಳಿದ ರಾಸ್ ಇಲ್ಲಿ ಗಡಿಯಾರದ ಪ್ರಕಾರ ಲೆಕ್ಕ ಬೇರೆ ಮಾಡಿದರು. ಮದ್ಯದಂಗಡಿ ಮುಚ್ಚಿರುವ, ಜನ ಕೆಲಸಕ್ಕೆ ಹೋಗಿಬರುವ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವಾರಾಂತ್ಯದ ರಾತ್ರಿಗಳಲ್ಲಿ ಮಾತ್ರ ಸಾವು ಮತ್ತು ತೀವ್ರ ಗಾಯಗಳು ಆರಂಭದಲ್ಲಿ ಮೂರನೇ ಎರಡರಷ್ಟು ಕುಸಿದವು. ಇದಕ್ಕಿಂತ ಸ್ಪಷ್ಟ ಉತ್ತರ ಬೇಕೇ? ಆದರೆ ಕೆಲವೇ ವರ್ಷಗಳಲ್ಲಿ ಆ ಲಾಭ ಕರಗತೊಡಗಿತು. ಸಿಕ್ಕಿಬೀಳುವ ಸಂಭವ ತಾವು ಹೆದರಿದಷ್ಟಿಲ್ಲ ಎಂದು ಚಾಲಕರಿಗೆ ಗೊತ್ತಾಯಿತು. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಎಡಬದಿಯ ಸಂಚಾರವನ್ನು ಬಲಬದಿಗೆ ಬದಲಿಸಿದಾಗಲೂ ಜನ ಮೈಯೆಲ್ಲ ಕಣ್ಣಾಗಿ ಓಡಿಸಿ ಅಪಘಾತ ತಗ್ಗಿತ್ತು. ಎರಡು ವರ್ಷದೊಳಗೆ ಮತ್ತೆ ಹಳೆಯ ಮಟ್ಟದ ಹತ್ತಿರಕ್ಕೆ ಬಂತು. ಒಂದೇ ವರ್ಷಕ್ಕೆ ಮೌಲ್ಯಮಾಪನ ಮುಗಿಸುವುದನ್ನು ನಾನು ವಿರೋಧಿಸುವುದು ಇದಕ್ಕೇ.

ದುಡ್ಡಿನ ಮಾತಿಗೆ ಬರುತ್ತೇನೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫಲವಿಲ್ಲದ ಕಾರ್ಯಕ್ರಮವನ್ನು ಫಲ ಕೊಟ್ಟಿತೆಂದು ನಂಬಿ ಮುಂದುವರಿಸಿದರೆ, ಬದುಕಬಹುದಾಗಿದ್ದ ಯಾರೋ ಸಾಯುತ್ತಾರೆ. ಈ ಲೆಕ್ಕವನ್ನು ಲೆಕ್ಕಿಗರ ತಂಟೆ ಎಂದು ತಳ್ಳಿಹಾಕಿದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಪ್ರಶ್ನೆ: ಹೈಸ್ಕೂಲಿನಲ್ಲೇ ಡ್ರೈವಿಂಗ್ ಕಲಿಸಿದರೆ ಅಪಘಾತ ಇಳಿಯುವುದಿಲ್ಲವೇ?

ಉತ್ತರ: ಇಳಿಯುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ. ಕೆಲವರಿಗೆ ಡ್ರೈವಿಂಗ್ ಕಲಿಸಿ, ಉಳಿದವರಿಗೆ ಕಲಿಸದೆ, ಚೀಟಿ ಎತ್ತಿದಂತೆ ಗುಂಪು ಮಾಡಿ ನಡೆಸಿದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಒಟ್ಟುಗೂಡಿಸಿ ನೋಡಿತು. ಕಲಿತ ಮಕ್ಕಳು ಬೇಗ ಲೈಸೆನ್ಸ್ ಪಡೆದರು, ಅಂದರೆ ಎಳೆಯ ವಯಸ್ಸಿನಲ್ಲೇ ರಸ್ತೆಗಿಳಿದರು. ಅಪಘಾತ ಕಡಿಮೆಯಾದದ್ದು ಕಾಣಲಿಲ್ಲ.

ಪ್ರಶ್ನೆ: ಸಾವು ಇಳಿದಿದೆ, ಗಾಯಾಳುಗಳು ಹೆಚ್ಚಿದ್ದಾರೆ ಎಂದು ಒಂದೇ ವರದಿಯಲ್ಲಿ ಬಂದರೆ ಯಾವುದನ್ನು ನೋಡಬೇಕು?

ಉತ್ತರ: ಮೊದಲು ಸಾವನ್ನು ನೋಡಿ. ಅದನ್ನು ಮುಚ್ಚಿಡುವುದು ಕಷ್ಟ. ಆದರೂ ಎಷ್ಟು ದಿನದೊಳಗಿನ ಸಾವು ಎಂದು ಕೇಳಿ. ಅಂತರರಾಷ್ಟ್ರೀಯ ರೂಢಿ 30 ದಿನ. ಸ್ಥಳದಲ್ಲೇ ಸತ್ತವರನ್ನು ಮಾತ್ರ ಬರೆದುಕೊಂಡರೆ ಆಸ್ಪತ್ರೆಯ ಹಾಸಿಗೆಯಲ್ಲಿ ಸತ್ತವರು ಬಿಟ್ಟುಹೋಗುತ್ತಾರೆ.

ಗಾಯದ ಲೆಕ್ಕ ಸಡಿಲ. ನಾನು ನೋಡುವ ನಮೂನೆಗಳಲ್ಲಿ ಗಾಯದ ತೀವ್ರತೆಗೆ ಒಂದು ಚಿಕ್ಕ ಚೌಕವಿರುತ್ತದೆ. ರಸ್ತೆಬದಿಯಲ್ಲಿ ನಿಂತು ಅದನ್ನು ತುಂಬುವವರು ವೈದ್ಯರಲ್ಲ. ಒಳಗೆ ರಕ್ತ ಸೋರುತ್ತಿರುವವನು ಎದ್ದು ನಿಂತು ಮಾತಾಡಿದರೆ ‘ಸಣ್ಣ ಗಾಯ’ ಎಂದೇ ಬರೆದುಬಿಡುತ್ತಾರೆ. ಸೈಕಲ್ಲಿನಿಂದ ತಾನೇ ಬಿದ್ದವನ ಹೆಸರು ಎಷ್ಟೋ ಸಲ ಪೊಲೀಸ್ ಕಡತಕ್ಕೆ ಬರುವುದೇ ಇಲ್ಲ. ಇನ್ನೊಂದು ಕಡೆ, ಕಾರ್ಯಕ್ರಮ ಶುರುವಾಯಿತೆಂದು ಪೊಲೀಸರು ಮುತುವರ್ಜಿಯಿಂದ ದಾಖಲಿಸತೊಡಗಿದರೆ ರಸ್ತೆ ಮೊದಲಿನಂತೆಯೇ ಇದ್ದರೂ ಗಾಯಾಳುಗಳು ಹೆಚ್ಚಿದಂತೆ ಕಾಣುತ್ತದೆ. ಅದಕ್ಕಾಗಿ ಪೊಲೀಸ್ ಕಡತದ ಪಕ್ಕದಲ್ಲಿ ಆಸ್ಪತ್ರೆಗೆ ದಾಖಲಾದವರ ಪಟ್ಟಿಯನ್ನೂ ಇಟ್ಟುಕೊಳ್ಳುತ್ತೇನೆ. ಆಸ್ಪತ್ರೆಯ ಪಟ್ಟಿ ಹಾಗೇ ಇದ್ದು ಪೊಲೀಸ್ ಲೆಕ್ಕ ಮಾತ್ರ ಏರಿದ್ದರೆ, ಬದಲಾದದ್ದು ಬರೆಯುವ ರೀತಿ ಎಂದೇ ವರದಿಯಲ್ಲಿ ಬರೆಯುತ್ತೇನೆ.